ಸ್ಕಂದಗಿರಿಯ ಮೇಲೆ ಜನರಿರುವಾಗ ಕಾಡ್ಗಿಚ್ಚು ಎದ್ದರೆ ಮೇಲೆ ಹತ್ತಿ ಹೋಗುವವರು ಯಾರು?

ಕಳವಾರದ ದಾರಿ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. 2020ರ ಸೆಪ್ಟೆಂಬರ್ 5ರ ರಾತ್ರಿ ಕ್ಯಾಲಿಫೋರ್ನಿಯಾದ ಸಿಯೆರಾ ರಾಷ್ಟ್ರೀಯ ಅರಣ್ಯದಲ್ಲಿ ನಡೆದ ಒಂದು ರಕ್ಷಣಾ ಕಾರ್ಯದ ವಿವರಗಳನ್ನು ಓದಿದ ಮೇಲೆ ಈ ಪ್ರಶ್ನೆಯನ್ನು ಇಲ್ಲಿ ಇಡಬೇಕೆನಿಸಿತು. ಹಿಂದಿನ ದಿನವಷ್ಟೇ ಹೊತ್ತಿಕೊಂಡಿದ್ದ ‘ಕ್ರೀಕ್ ಫೈರ್’ ಎಂಬ ಕಾಡ್ಗಿಚ್ಚು ಮ್ಯಾಮತ್ ಪೂಲ್ ಜಲಾಶಯದಿಂದ ಹೊರಬರುವ ರಸ್ತೆಯನ್ನು ಮುಚ್ಚಿಬಿಟ್ಟಿತ್ತು. ರಜೆ ಕಳೆಯಲು ಬಂದಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ನೀರಿನ ಅಂಚಿನಲ್ಲಿ ಸಿಕ್ಕಿಕೊಂಡರು. ನ್ಯಾಷನಲ್ ಗಾರ್ಡ್ ಪಡೆಯ ಒಂದು ಚಿನೂಕ್ ಮತ್ತು ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ದಟ್ಟ ಹೊಗೆಯ ನಡುವೆ ಅಲ್ಲಿ ಇಳಿದು, ಮತ್ತೆ ಮತ್ತೆ ಹೋಗಿ ಬಂದು, ಅವರನ್ನು ಹೊರಗೆ ತಂದವು. ಒಂದು ಸುತ್ತಿನಲ್ಲಂತೂ ಚಿನೂಕ್ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ತಂದಿತು. ಆ ಎರಡು ಹೆಲಿಕಾಪ್ಟರುಗಳ ಸಿಬ್ಬಂದಿಗೆ ಅದೇ ತಿಂಗಳು ಶೌರ್ಯ ಪದಕವನ್ನೂ ನೀಡಲಾಯಿತು.

ನನ್ನ ಪ್ರಶ್ನೆ ನಮ್ಮ ಬೆಟ್ಟಗಳಿಗೆ ಸೇರಿದ್ದು. ವಾರಾಂತ್ಯದಲ್ಲಿ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವವರು ಸ್ಕಂದಗಿರಿಯ, ಅಂದರೆ ನಮ್ಮ ಕಳವಾರ ಬೆಟ್ಟದ, ನೆತ್ತಿಯ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ. ಮಾರ್ಚ್ ತಿಂಗಳಲ್ಲಿ ಕೆಳಗಿನ ಹುಲ್ಲಿಗೆ ಬೆಂಕಿ ತಗುಲಿದರೆ ಪಾಪಾಗ್ನಿ ಮಠದ ಕಡೆಯ ದಾರಿಯೇ ಮೊದಲು ಹೊಗೆಯಿಂದ ಮುಚ್ಚಿಹೋಗುತ್ತದೆ. ಆಗ ಮೇಲೆ ಹತ್ತಿ ಹೋಗುವವರು ಯಾರು, ಏನನ್ನು ಹಿಡಿದು ಹೋಗುತ್ತಾರೆ, ಮೇಲಿರುವವರನ್ನು ಹೇಗೆ ಇಳಿಸುತ್ತಾರೆ? ತಿಳಿದವರು ದಯವಿಟ್ಟು ಬರೆಯಿರಿ.

ಹಳೆಯ ಫೈರ್‌ಮನ್, ತುಮಕೂರು

ನಾನು ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಜನರ ತಲೆಯಲ್ಲಿರುವ ಒಂದು ಚಿತ್ರವನ್ನು ಅಳಿಸಬೇಕಾಗಿದೆ. ಕೆಂಪು ಗಾಡಿ ಬಂತು, ಪೈಪ್ ಬಿಚ್ಚಿದರು, ನೀರು ಹಾರಿಸಿದರು ಎಂಬುದು ಊರೊಳಗಿನ ಬೆಂಕಿಯ ಚಿತ್ರ. ನಮ್ಮ ದೊಡ್ಡ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ, ಒಂದೊಂದು ಹೋಸು 15 ಅಥವಾ 30 ಮೀಟರ್ ಉದ್ದವಿರುತ್ತದೆ. ನೀರನ್ನು ಪ್ರತಿ 10 ಮೀಟರ್ ಎತ್ತರಕ್ಕೆ ಏರಿಸಲು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಖರ್ಚಾಗುತ್ತದೆ. ಸಾಮಾನ್ಯವಾಗಿ ಏಳು ಬಾರ್ ಸುತ್ತಮುತ್ತ ಓಡಿಸುವ ಪಂಪನ್ನು ಕಳವಾರದ ಬುಡದಲ್ಲಿ ನಿಲ್ಲಿಸಿದರೆ, ಹೋಸುಗಳನ್ನು ಎಷ್ಟೇ ಜೋಡಿಸಿದರೂ ಬೆಟ್ಟದ ಮೊದಲ ತಿರುವುಗಳನ್ನು ದಾಟುವಷ್ಟರಲ್ಲಿ ನೀರು ಸುಸ್ತಾಗಿ ತೊಟ್ಟಿಕ್ಕತೊಡಗುತ್ತದೆ. ಸ್ಕಂದಗಿರಿಯ ನೆತ್ತಿಯಾದರೋ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿದೆ.

ಹಾಗಾಗಿ ಗಾಡಿಯ ಕೆಲಸ ಬುಡದಲ್ಲಿ ಉಳಿಯುತ್ತದೆ: ಬೆಂಕಿ ಹಳ್ಳಿಗೆ, ಹುಲ್ಲಿನ ಬಣವೆಗೆ, ದ್ರಾಕ್ಷಿ ತೋಟಕ್ಕೆ ಇಳಿಯದಂತೆ ತಡೆಯುವುದು, ಗಾಯಾಳುಗಳನ್ನು ಆಂಬುಲೆನ್ಸ್‌ಗೆ ಸೇರಿಸುವುದು. ಮೇಲೆ ಹತ್ತುವವರು ಕೈಯಲ್ಲಿ ನೀರಿಲ್ಲದೆಯೇ ಹತ್ತುತ್ತಾರೆ. ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಹೋಗಬಾರದೇ ಎಂದು ಕೆಲವರು ಕೇಳುವುದುಂಟು. ಅದು ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಅರ್ಧ ಗಂಟೆಗಿಂತ ಬಹಳ ಹೆಚ್ಚು ಹೊತ್ತು ಬರುವುದಿಲ್ಲ. ಏರು ಹತ್ತುವಾಗ ಏದುಸಿರು ಬಿಟ್ಟರೆ ಅದಕ್ಕೂ ಮೊದಲೇ ಖಾಲಿಯಾಗುತ್ತದೆ. ಕಟ್ಟಡದೊಳಗೆ ಜೀವ ಉಳಿಸುವ ಉಪಕರಣ ಬೆಟ್ಟದಲ್ಲಿ ಹೊರೆಯಾಗುತ್ತದೆ.

ಬೀಟ್ ವಾಚರ್ ಮಗಳು, ಗೌರಿಬಿದನೂರು

ಫೈರ್‌ಮನ್ ಸರ್ ಹೇಳಿದ ‘ಮೇಲೆ ಹತ್ತುವವರ’ ಸಾಲಿನಲ್ಲಿ ನಮ್ಮ ತಂದೆಯೂ ಇದ್ದರು ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಗಳ ಗುಡ್ಡಗಳಲ್ಲಿ ಬೆಂಕಿಗೆ ಮೊದಲು ಎದುರಾಗುವವರು ಅರಣ್ಯ ಇಲಾಖೆಯ ಗಾರ್ಡ್‌ಗಳು ಮತ್ತು ಬೇಸಿಗೆಯ ತಿಂಗಳುಗಳಿಗಷ್ಟೇ ದಿನಗೂಲಿಯ ಮೇಲೆ ತೆಗೆದುಕೊಳ್ಳುವ ಫೈರ್ ವಾಚರ್‌ಗಳು. ಚಳಿ ಮುಗಿಯುತ್ತಿದ್ದಂತೆ ಇವರು ಮೊದಲು ಬೆಂಕಿ ರೇಖೆ ತೆಗೆಯುತ್ತಾರೆ, ಅಂದರೆ ಹುಲ್ಲು, ತರಗೆಲೆಗಳನ್ನು ಅಗಲವಾದ ಪಟ್ಟಿಯಂತೆ ಸವರಿ, ಸುಟ್ಟು, ಬೆಂಕಿ ದಾಟದಂತೆ ಬರಿನೆಲ ಮಾಡುತ್ತಾರೆ. ಬೆಂಕಿ ಬಿದ್ದಾಗ ಕೈಯಲ್ಲಿರುವುದು ಮಚ್ಚು, ಹಸಿ ಸೊಪ್ಪಿನ ಕೊಂಬೆ, ನೀರಿನ ಬಾಟಲಿ. ಕೆಲವೆಡೆ ಈಗ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್, ಅಂದರೆ ಜೋರಾಗಿ ಗಾಳಿ ಊದುವ ಯಂತ್ರ, ಬಂದಿದೆ. ಸೊಪ್ಪಿನಿಂದ ಬಡಿಯುವುದು ನೋಡುವವರಿಗೆ ಸುಲಭವಾಗಿ ಕಾಣುತ್ತದೆ, ಆದರೆ ಎತ್ತಿ ಎತ್ತಿ ಬಡಿದರೆ ಕಿಡಿ ಹಾರಿ ಹಿಂದೆ ಬೀಳುತ್ತದೆ. ಸೊಪ್ಪನ್ನು ನೆಲಕ್ಕೆ ಒತ್ತಿ, ಸುಟ್ಟ ಕಡೆಗೆ ಎಳೆಯುತ್ತಾ ಹೋಗಬೇಕು. ಇದನ್ನು ಸಾಲಾಗಿ ನಿಂತು ರಾತ್ರಿಯಿಡೀ ಮಾಡಿ, ಇಬ್ಬನಿ ಬೀಳುವ ನಸುಕಿನ ಹೊತ್ತಿಗೆ ಬೆಂಕಿಯನ್ನು ಮಣಿಸುತ್ತಾರೆ.

ಒಮ್ಮೆ ಕುರಿ ಮೇಯಿಸಲು ಹೋಗಿದ್ದ ಇಬ್ಬರು ಹುಡುಗರು ಬೆಂಕಿಯ ಮೇಲ್ಭಾಗದಲ್ಲಿ ಉಳಿದುಬಿಟ್ಟಿದ್ದರು. ಅವರು ಶಿಖರದ ಕಡೆಗೆ ಓಡುತ್ತಿದ್ದರು. ನಮ್ಮ ತಂದೆ ಬೆಂಕಿ ಆಗಲೇ ತಿಂದು ಮುಗಿಸಿದ್ದ ಪಕ್ಕದ ಇಳಿಜಾರಿನಿಂದ ಬಳಸಿಕೊಂಡು ಹೋಗಿ, ಕೂಗಿ ಕರೆದು, ಜ್ವಾಲೆ ತಗ್ಗಿದ್ದ ಒಂದು ಕಡೆಯಲ್ಲಿ ಸೊಪ್ಪಿನಿಂದ ದಾರಿ ಮಾಡಿ, ಆ ಹುಡುಗರನ್ನು ಬಿಸಿ ಬೂದಿಯ ಮೇಲೆ ಈಚೆಗೆ ಕರೆತಂದರು. ಕುರಿಗಳಲ್ಲಿ ಹಲವು ಉಳಿಯಲಿಲ್ಲ. ಮಾರನೆಯ ದಿನ ಊರಿನವರು ಮಾತಾಡಿದ್ದು ಕುರಿಗಳ ಬಗ್ಗೆಯೇ.

ಅಂತರಗಂಗೆ, ಕೋಲಾರ

ಮೇಡಂ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಆದರೂ ಒಂದು ಮಾತು. ಇಂಥ ಚರ್ಚೆಗಳಲ್ಲಿ ‘ಧೈರ್ಯಕ್ಕಿಂತ ತಿಳಿವಳಿಕೆ ಮುಖ್ಯ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಅಲ್ಲಿಗೆ ಧೈರ್ಯದ ಮಾತು ಮುಗಿದುಹೋಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೊತ್ತಿದ್ದ ಫೋರ್ಟ್ ಸ್ಟೈಕಿನ್ ಹಡಗಿನ ಬೆಂಕಿಯನ್ನು ನಂದಿಸಲು ಹೋದ 66 ಮಂದಿ ಅಗ್ನಿಶಾಮಕರು ಸ್ಫೋಟದಲ್ಲಿ ಸತ್ತರು. ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಅದೇ ದಿನ ಆಚರಿಸುವುದು ಆ ಕಾರಣಕ್ಕೆ. ತಿಳಿವಳಿಕೆ ಇದ್ದವನು ಅಪಾಯವನ್ನು ಹೆಚ್ಚು ಸ್ಪಷ್ಟವಾಗಿ ಕಾಣುತ್ತಾನೆ, ಹಾಗೆ ಕಂಡೂ ಹೋಗುತ್ತಾನೆ. ಅವನ ಧೈರ್ಯವನ್ನು ತರಬೇತಿಯ ಫಲವೆಂದಷ್ಟೇ ಬರೆದರೆ ಅದು ಕೃತಘ್ನತೆ.

ನಮ್ಮ ರಾಜ್ಯದ್ದನ್ನೇ ನೋಡಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. ಪ್ರತಿ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನದಲ್ಲಿ ಅಂಥವರ ಸ್ಮರಣೆ ನಡೆಯುತ್ತದೆ. ನಮ್ಮ ಮೂರು ಜಿಲ್ಲೆಗಳ ಶಾಲೆಗಳಲ್ಲಿ ಆ ದಿನ ಏನೆಂದು ಕೇಳಿದರೆ ಎಷ್ಟು ಮಕ್ಕಳು ಹೇಳಿಯಾರು?

ಚಿಲುಮೆ ಚಾರಣಿಗ, ತುಮಕೂರು

ಅಂತರಗಂಗೆ ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ತಿಳಿವಳಿಕೆ ಮತ್ತು ಧೈರ್ಯವನ್ನು ಎದುರುಬದುರು ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ ಒಂದು ಘಟನೆಯನ್ನು ಹೇಳುತ್ತೇನೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಎಂಬ ಕಡಿದಾದ ಕಣಿವೆಯಲ್ಲಿ ವಿಮಾನದಿಂದ ಧುಮುಕಿ ಬೆಂಕಿ ಆರಿಸುವ ತಂಡವೊಂದು ಸಿಲುಕಿತು. ಕೆಳಗಿನಿಂದ ಒಣಹುಲ್ಲನ್ನು ಹಿಡಿದು ಬೆಂಕಿ ಮೇಲೇರುತ್ತಿತ್ತು, ತಂಡದವರು ಮೇಲಕ್ಕೆ ಓಡುತ್ತಿದ್ದರು. ತಂಡದ ಮುಖ್ಯಸ್ಥ ವ್ಯಾಗ್ನರ್ ಡಾಜ್ ಓಡುವುದನ್ನು ನಿಲ್ಲಿಸಿ, ಜೇಬಿನಿಂದ ಬೆಂಕಿಕಡ್ಡಿ ತೆಗೆದು ತನ್ನ ಮುಂದಿದ್ದ ಹುಲ್ಲಿಗೆ ತಾನೇ ಬೆಂಕಿ ಇಟ್ಟ. ಅದು ಸುಟ್ಟುಕೊಂಡು ಮುಂದೆ ಹೋದ ಮೇಲೆ ಉಳಿದ ಬೂದಿಯಲ್ಲಿ ಮಲಗಿ, ಜೊತೆಯವರನ್ನೂ ಅಲ್ಲಿಗೇ ಬರುವಂತೆ ಕರೆದ. ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡರೋ, ಗದ್ದಲದಲ್ಲಿ ಕೇಳಿಸಲಿಲ್ಲವೋ, ಯಾರೂ ಬರಲಿಲ್ಲ. ದೊಡ್ಡ ಬೆಂಕಿ ಅವನ ಸುತ್ತ ಹಾದುಹೋಯಿತು. ಅವನು ಬದುಕಿದ, 13 ಮಂದಿ ಸತ್ತರು.

ಅಂದು ಬದುಕಿದವರು ಇನ್ನಿಬ್ಬರಿದ್ದರು. ಅವರು ಬಂಡೆಗಳ ಸಂದಿಯೊಂದನ್ನು ದಾಟಿ, ಹುಲ್ಲಿಲ್ಲದ ಕಲ್ಲುರಾಶಿಯ ಮೇಲೆ ನಿಂತುಕೊಂಡಿದ್ದರು. ನಮ್ಮ ಕಡೆಯವರಿಗೆ ಮುಖ್ಯವಾದದ್ದು ಈ ಇಬ್ಬರ ಕಥೆ ಎಂದು ನನಗೆ ಅನ್ನಿಸುತ್ತದೆ. ಮಧುಗಿರಿಯ ಏಕಶಿಲೆಯಿಂದ ಹಿಡಿದು ನಂದಿ, ಸ್ಕಂದಗಿರಿ, ಅಂತರಗಂಗೆಯವರೆಗೆ ನಮ್ಮ ಬೆಟ್ಟಗಳೆಲ್ಲ ಹಾಸುಬಂಡೆಗಳ ಬೆಟ್ಟಗಳು. ಸುಡಲು ಏನೂ ಇಲ್ಲದ ವಿಶಾಲವಾದ ಬಂಡೆ ಎಲ್ಲಿದೆ ಎಂಬುದನ್ನು ಹತ್ತುವಾಗಲೇ ಕಣ್ಣಿಟ್ಟುಕೊಂಡಿದ್ದರೆ ಅರ್ಧ ಜೀವ ಉಳಿದಂತೆ. ದೇವರಾಯನದುರ್ಗದ ಇಳಿಜಾರುಗಳಲ್ಲಿ ಮಾತ್ರ ಈ ಭರವಸೆ ಕಡಿಮೆ, ಅಲ್ಲಿ ಬಂಡೆಗಳ ನಡುವೆಯೂ ಬಾದೆಹುಲ್ಲು ಮತ್ತು ಲಂಟಾನ ತುಂಬಿಕೊಂಡಿವೆ.

ಹಳೆಯ ಫೈರ್‌ಮನ್, ತುಮಕೂರು

ಚಾರಣಿಗರು ಬಂಡೆಯ ಮಾತನ್ನು ಸರಿಯಾಗಿ ಹೇಳಿದ್ದಾರೆ, ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಬಂಡೆ ಅಗಲವಾಗಿರಬೇಕು. ಹತ್ತು ಹೆಜ್ಜೆಯ ಬಂಡೆಯ ಸುತ್ತ ಆಳೆತ್ತರದ ಹುಲ್ಲು ಉರಿದರೆ ಜ್ವಾಲೆ ತಾಗದಿದ್ದರೂ ಅದರ ಝಳವೇ ಮೈ ಸುಡುತ್ತದೆ. ಎರಡು ಗುಡ್ಡಗಳ ನಡುವಿನ ಕೊರಕಲಿನ ಬಾಯಲ್ಲಿರುವ ಬಂಡೆಯೂ ಬೇಡ, ಕೊರಕಲು ಹೊಗೆಗೊಳವೆಯಂತೆ ಬೆಂಕಿಯನ್ನು ಮೇಲಕ್ಕೆ ಹೀರುತ್ತದೆ. ಇನ್ನು, ಮ್ಯಾನ್ ಗಲ್ಚ್‌ನ ಮುಖ್ಯಸ್ಥ ಮಾಡಿದಂತೆ ನಾವೂ ಹುಲ್ಲಿಗೆ ಬೆಂಕಿ ಇಡುತ್ತೇವೆ ಎಂದು ಯಾವ ಚಾರಣಿಗನೂ ಹೊರಡಬಾರದು. ಗಾಳಿಯ ದಿಕ್ಕು ತಪ್ಪಿದರೆ ಮೇಲಿರುವ ಇನ್ನೊಂದು ಗುಂಪನ್ನು ನೀವೇ ಸುಟ್ಟಂತಾಗುತ್ತದೆ.

ಬೆಂಕಿ ಏರಿನಲ್ಲಿ ಓಡುವ ವೇಗದ ಬಗ್ಗೆ ನಮ್ಮವರು ಬಳಸುವ ಒಂದು ಅಂದಾಜು ಇದೆ: ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಾಗ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜ್ವಾಲೆ ಮೇಲಿನ ಹುಲ್ಲಿಗೆ ಬಾಗಿ ಅದನ್ನು ಮುಂಚೆಯೇ ಕಾಯಿಸಿ ಒಣಗಿಸುವುದರಿಂದ ಹೀಗಾಗುತ್ತದೆ. ಮನುಷ್ಯನ ಕಥೆ ಇದಕ್ಕೆ ತಿರುಗುಮುರುಗು, ಏರು ಹೆಚ್ಚಿದಷ್ಟೂ ಅವನ ವೇಗ ಕುಗ್ಗುತ್ತದೆ. ವಾಚರ್ ಮಗಳು ಬರೆದ ಪ್ರಸಂಗದಲ್ಲಿ ಆ ಹುಡುಗರು ಶಿಖರದ ಕಡೆಗೆ ಓಡುತ್ತಿದ್ದರು ಎಂದು ಓದಿದಾಗ ನನ್ನ ಎದೆ ಝಲ್ಲೆಂದಿತು. ಅವರ ತಂದೆ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಿ: ಕೆಳಗಿನಿಂದ ನೇರವಾಗಿ ಹುಡುಗರ ಹಿಂದೆ ಓಡಿದ್ದರೆ ಅವರೂ ಬೆಂಕಿಯ ಮುಂದೆ ಸಿಲುಕುತ್ತಿದ್ದರು. ಕಣ್ಣೆದುರು ಮಕ್ಕಳು ಕೂಗುತ್ತಿರುವಾಗ ಅವರ ಕಡೆಗೆ ನೇರವಾಗಿ ಓಡದೆ, ಬೆನ್ನು ತಿರುಗಿಸಿ, ಸುಟ್ಟ ನೆಲದಿಂದ ಬಳಸಿಕೊಂಡು ಹೋಗುವ ತೀರ್ಮಾನಕ್ಕೆ ಬೇಕಾದ ಗಟ್ಟಿತನವನ್ನು ನಾನು ನನ್ನ ಸೇವೆಯಲ್ಲಿ ಬಹಳ ಮಂದಿಯಲ್ಲಿ ಕಂಡಿಲ್ಲ. ಅಂತರಗಂಗೆ ಅವರೇ, ನೀವು ಕೇಳುತ್ತಿರುವ ಧೈರ್ಯ ಇದೇ ಅಲ್ಲವೇ?

ಅಂತರಗಂಗೆ, ಕೋಲಾರ

ಇದೇ, ಸರ್. ನನ್ನ ತಕರಾರು ಅದಕ್ಕೆ ಸಲ್ಲಬೇಕಾದ ಮರ್ಯಾದೆಯ ಬಗ್ಗೆ ಮಾತ್ರ ಉಳಿಯಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಅಗ್ನಿಶಾಮಕ ಸೇವೆಯವರಿಗೆ ರಾಷ್ಟ್ರಪತಿ ಪದಕಗಳು ಘೋಷಣೆಯಾಗುತ್ತವೆ, ರಾಜ್ಯದಲ್ಲಿ ಅರಣ್ಯ ಸಿಬ್ಬಂದಿಗೆ ಮುಖ್ಯಮಂತ್ರಿ ಪದಕವಿದೆ. ಬೇಸಿಗೆ ಮುಗಿದೊಡನೆ ಹಾಜರಿ ಪುಸ್ತಕದಿಂದಲೇ ಹೆಸರು ಬಿಟ್ಟುಹೋಗುವ ದಿನಗೂಲಿ ವಾಚರ್‌ನ ಹೆಸರನ್ನು ಅಂಥ ಪಟ್ಟಿಗೆ ಯಾರು ಕಳಿಸುತ್ತಾರೆ?

ಪಾವಗಡದವನು

ಚರ್ಚೆ ಎಲ್ಲೋ ಒಂದು ಕಡೆ ‘ಕುರಿಗಾಹಿಗಳೇ ಬೆಂಕಿ ಹಚ್ಚುತ್ತಾರೆ’ ಎಂಬಲ್ಲಿಗೆ ಬಂದೇ ಬರುತ್ತದೆಂದು ನನಗೆ ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಮಳೆ ಬಿದ್ದ ಮೇಲೆ ಎಳೆಹುಲ್ಲು ಚೆನ್ನಾಗಿ ಬರಲಿ ಎಂದು ಒಣಹುಲ್ಲಿಗೆ ಕಡ್ಡಿ ಗೀರುವವರು ನಮ್ಮಲ್ಲಿದ್ದಾರೆ, ಅದು ತಪ್ಪು, ಶಿಕ್ಷೆಗೆ ಗುರಿಯಾಗುವ ಅಪರಾಧವೂ ಹೌದು. ಬೀಡಿ ತುಂಡು, ರಾತ್ರಿ ತಂಗಿದವರ ಕ್ಯಾಂಪ್‌ ಫೈರ್, ಅಂಚಿನ ಹೊಲದ ಕಳೆ ಸುಡುವ ಬೆಂಕಿ, ಇವೂ ಇವೆ. ಆದರೆ ಗುಡ್ಡ ಹೊತ್ತಿದಾಗ ಇಲಾಖೆಯವರ ಜೀಪು ಬರುವ ಮೊದಲು ಸೊಪ್ಪು ಮುರಿದುಕೊಂಡು ಓಡುವವರೂ ಅದೇ ಹಳ್ಳಿಯವರೇ.

2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ದುರಂತದಲ್ಲೂ ಕತ್ತಲಲ್ಲಿ ಗಾಯಾಳುಗಳನ್ನು ಹುಡುಕಿ ಹೊತ್ತು ತಂದವರಲ್ಲಿ ಸುತ್ತಲಿನ ಊರಿನ ಜನ ಇದ್ದರು. ಕಾಲುದಾರಿ ಯಾವುದು, ಪ್ರಪಾತ ಯಾವುದು ಎಂಬುದು ಹೊರಗಿನಿಂದ ಬಂದ ಕಮಾಂಡೋಗೆ ಹೇಗೆ ತಿಳಿಯಬೇಕು?

ಕಳವಾರದ ದಾರಿ, ಚಿಕ್ಕಬಳ್ಳಾಪುರ

ನಾನು ಹೆಲಿಕಾಪ್ಟರ್‌ನಿಂದ ಆರಂಭಿಸಿದ್ದರಿಂದ ಅಲ್ಲಿಗೇ ಮರಳಿ ಕೇಳುತ್ತೇನೆ. ಯಲಹಂಕದ ವಾಯುನೆಲೆ ನಮಗೆ ಇಷ್ಟು ಹತ್ತಿರವಿದೆ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಕಡೆ ಸುಮಾರು 300 ಅಡಿ ಕೆಳಗೆ ಬಿದ್ದು ಸಿಲುಕಿದ್ದ 19 ವರ್ಷದ ವಿದ್ಯಾರ್ಥಿಯನ್ನು ವಾಯುಪಡೆಯ ಎಂಐ-17 ಬಂದು ಎತ್ತಿಕೊಂಡು ಹೋದುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಲೂ ಇದೇ ಬಗೆಯ ಹೆಲಿಕಾಪ್ಟರ್‌ಗಳು ಕೆಳಗೆ ತೂಗುಬಿಟ್ಟ ದೊಡ್ಡ ಬಕೆಟ್‌ಗಳಲ್ಲಿ ನೀರು ತುಂಬಿ ತಂದು ಸುರಿದವು. ಹೀಗಿರುವಾಗ ಸ್ಕಂದಗಿರಿಗೆ ಅದನ್ನೇ ನೆಚ್ಚಿಕೊಂಡರೆ ತಪ್ಪೇ?

ಚಿಲುಮೆ ಚಾರಣಿಗ, ತುಮಕೂರು

ನೆಚ್ಚಿಕೊಂಡು ಕೂರುವಂತಿಲ್ಲ. ನಂದಿಯ ವಿದ್ಯಾರ್ಥಿ ಇದ್ದ ಜಾಗದಲ್ಲಿ ಹೊಗೆ ಇರಲಿಲ್ಲ, ಅವನು ಒಂದೇ ಕಡೆ ಕುಳಿತಿದ್ದ. ಬೆಂಕಿ ಎದ್ದಾಗ ಬಿಸಿಗಾಳಿ ಮೇಲಕ್ಕೆ ನುಗ್ಗುತ್ತಿರುತ್ತದೆ, ಹೊಗೆಯಲ್ಲಿ ಬಂಡೆಯೂ ಕಾಣುವುದಿಲ್ಲ, ರೆಕ್ಕೆಯ ಗಾಳಿಗೆ ಕಿಡಿಗಳು ಹೊಸ ಹುಲ್ಲಿಗೆ ಹಾರುತ್ತವೆ. ಜಿಲ್ಲಾಡಳಿತ ಕೋರಿಕೆ ಕಳಿಸಿ, ಅನುಮತಿ ದೊರೆತು, ಹೆಲಿಕಾಪ್ಟರ್ ಮೇಲೇಳುವಷ್ಟರಲ್ಲಿ ಒಣಹುಲ್ಲಿನ ಬೆಂಕಿ ಒಂದು ಇಳಿಜಾರನ್ನು ಪೂರ್ತಿ ತಿಂದು ಮುಗಿಸಿರುತ್ತದೆ. ಮ್ಯಾಮತ್ ಪೂಲ್‌ನಲ್ಲಿ ಜನ ಉಳಿದದ್ದು ಹೆಲಿಕಾಪ್ಟರ್ ಬರುವವರೆಗೆ ಅವರು ನೀರಿನ ಬಳಿಯ ಬಯಲಿನಲ್ಲಿ ಒಟ್ಟಾಗಿ ಇದ್ದುದರಿಂದ. ಕಾಡಿನಲ್ಲಿ ಚದುರಿಹೋಗಿದ್ದರೆ ಆ ಪೈಲಟ್‌ಗಳು ಯಾರನ್ನು ಹುಡುಕಿ ತರಬೇಕಿತ್ತು?

ಉಪಗ್ರಹದ ಎಚ್ಚರಿಕೆಗೂ ಇದೇ ಮಿತಿ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹಗಳು ಗುರುತಿಸಿದ ಬೆಂಕಿಯ ಜಾಗವನ್ನು ಅರಣ್ಯ ಸಿಬ್ಬಂದಿಗೆ ಮೊಬೈಲ್ ಸಂದೇಶವಾಗಿ ಕಳಿಸುತ್ತದೆ. ಅದರಲ್ಲಿ ಬಳಸುವ ವಿಐಐಆರ್‌ಎಸ್ ಎಂಬ ಉಪಗ್ರಹ ಸಂವೇದಕ ನೆಲವನ್ನು ಚೌಕಗಳಾಗಿ ನೋಡುತ್ತದೆ, ಒಂದೊಂದು ಚೌಕದ ಬದಿ ಸುಮಾರು 375 ಮೀಟರ್. ಬೆಂಕಿ ಯಾವ ಬೆಟ್ಟದಲ್ಲಿದೆ ಎಂದು ಅದು ಹೇಳುತ್ತದೆ, ನೀವು ಕುಳಿತ ಬಂಡೆಯ ಯಾವ ಪಕ್ಕದಲ್ಲಿದೆ ಎಂದು ಹೇಳಲಾರದು, ಮತ್ತು ಉಪಗ್ರಹ ನೆತ್ತಿಯ ಮೇಲೆ ಹಾಯುವವರೆಗೆ ಏನನ್ನೂ ಹೇಳಲಾರದು.

ಬೀಟ್ ವಾಚರ್ ಮಗಳು, ಗೌರಿಬಿದನೂರು

ಮೇಲಿರುವ ಜನರನ್ನು ಇಳಿಸುವಾಗ ಏನಾಗುತ್ತದೆ ಎಂಬುದರ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ತಂದೆಯವರನ್ನು ಕೇಳಿ ಬರೆಯುತ್ತಿದ್ದೇನೆ. ಅವರ ಪ್ರಕಾರ ಬೆಂಕಿಗಿಂತ ದೊಡ್ಡ ತೊಂದರೆ ಗುಂಪಿನಿಂದ ಬರುತ್ತದೆ. ‘ಇಲ್ಲೇ ಬಂಡೆಯ ಮೇಲೆ ಕೂರಿ, ಬೆಂಕಿ ಹಾದುಹೋಗಲಿ’ ಎಂದರೆ ಪೇಟೆಯಿಂದ ಬಂದವರು ನಂಬುವುದಿಲ್ಲ, ಖಾಕಿ ಅಂಗಿಯ ಬಡಕಲು ಮನುಷ್ಯನ ಮಾತಿಗಿಂತ ತಮ್ಮ ಕಾಲುಗಳ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಒಬ್ಬ ಓಡಿದರೆ ಹತ್ತು ಜನ ಹಿಂದೆ ಓಡುತ್ತಾರೆ. ಆಗ ವಾಚರ್‌ಗಳು ಮಾಡುವುದೇನೆಂದರೆ ಇಬ್ಬರು ಗುಂಪಿನ ಜೊತೆಗೇ ಬಂಡೆಯ ಮೇಲೆ ಕುಳಿತುಬಿಡುತ್ತಾರೆ. ತಾವೂ ಇಲ್ಲೇ ಇರುತ್ತೇವೆ ಎಂದು ತೋರಿಸಿದರೆ ಮಾತ್ರ ಜನ ನಿಲ್ಲುತ್ತಾರಂತೆ. ಕೆಮ್ಮು, ಅಳು, ದೇವರ ನಾಮ, ಬೈಗುಳ ಎಲ್ಲವನ್ನೂ ಕೇಳಿಸಿಕೊಂಡು, ಝಳ ಇಳಿದ ಮೇಲೆ ಸುಟ್ಟ ನೆಲದ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಇಳಿಸುತ್ತಾರೆ. ಬೇರು ಒಳಗೇ ಉರಿಯುತ್ತಿರುವ ಮೋಟುಗಳ ಮೇಲೆ ಕಾಲಿಡದಂತೆ ಮುಂದಿನವನು ಕೋಲಿನಿಂದ ಕುಟ್ಟಿ ನೋಡುತ್ತಾ ಹೋಗುತ್ತಾನೆ.

ಬಟ್ಟೆಯ ಬಗ್ಗೆಯೂ ಹೇಳಿದರು. ಮೈಗಂಟುವ ನೈಲಾನ್, ಪಾಲಿಯೆಸ್ಟರ್ ಉಡುಪುಗಳು ಝಳಕ್ಕೆ ಕರಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತವೆ, ದಪ್ಪ ಹತ್ತಿಬಟ್ಟೆ ಎಷ್ಟೋ ವಾಸಿ.

ಹಳೆಯ ಫೈರ್‌ಮನ್, ತುಮಕೂರು

ಗುಂಪಿನ ಜೊತೆಗೆ ಬಂಡೆಯ ಮೇಲೆ ಕೂರುವ ವಿಷಯ ನನಗೂ ಹೊಸದು. ಅಮೆರಿಕದಲ್ಲಿ ಪಾಲ್ ಗ್ಲೀಸನ್ ಎಂಬ ಕಾಡ್ಗಿಚ್ಚು ಪರಿಣತ 1991ರಲ್ಲಿ ನಾಲ್ಕು ಅಂಶಗಳ ಒಂದು ಸೂತ್ರವನ್ನು ಮುಂದಿಟ್ಟ: ಬೆಂಕಿಯನ್ನು ದೂರದಿಂದ ನೋಡುತ್ತಿರುವ ಕಾವಲು, ಪರಸ್ಪರ ಸಂಪರ್ಕ, ತಪ್ಪಿಸಿಕೊಳ್ಳುವ ದಾರಿ, ಸುರಕ್ಷಿತ ಜಾಗ. ಇವು ನಾಲ್ಕೂ ಇಲ್ಲದೆ ಬೆಂಕಿಯ ಬಳಿ ಹೋಗಬಾರದೆಂಬುದು ಅದರ ಸಾರ. ಯಾವ ಕಾಗದವನ್ನೂ ಓದದ ವಾಚರ್‌ಗಳು ಹೆಚ್ಚುಕಡಿಮೆ ಇದನ್ನೇ ಮಾಡುತ್ತಿದ್ದಾರೆ; ಎದುರು ಗುಡ್ಡದ ಮೇಲೆ ಒಬ್ಬನನ್ನು ನಿಲ್ಲಿಸಿ ಸೀಟಿ ಊದಿಸುವುದನ್ನು ನಾನೇ ಕಂಡಿದ್ದೇನೆ. ಅವರಿಗೆ ಇಲ್ಲದಿರುವುದು ವಾಕಿಟಾಕಿ, ಒಳ್ಳೆಯ ಬೂಟು, ವಿಮೆ.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಕೆಂದು ಯಾರೂ ತಿಳಿಯಬೇಡಿ. ಅದು ಬೂದಿಯನ್ನು ತಡೆಯುತ್ತದೆ, ಇಂಗಾಲದ ಮಾನಾಕ್ಸೈಡನ್ನು ತಡೆಯುವುದಿಲ್ಲ. ತಲೆ ಸುತ್ತುತ್ತಿದೆ ಎಂದವರನ್ನು ನಡೆಸದೆ ಹೊತ್ತು ಇಳಿಸಬೇಕು.

ಕಳವಾರದ ದಾರಿ, ಚಿಕ್ಕಬಳ್ಳಾಪುರ

ಕೊನೆಯದಾಗಿ ಒಂದು ಪ್ರಶ್ನೆ, ಸರ್. ಮೇಲೆ ಸಿಲುಕಿದವರು ಫೋನ್ ಮಾಡುವಾಗ ಏನು ಹೇಳಿದರೆ ಹತ್ತಿ ಬರುವವರಿಗೆ ನೆರವಾಗುತ್ತದೆ? ನಾನು ಅದನ್ನು ಬರೆದು ಬೆಟ್ಟದ ಬುಡದ ಅಂಗಡಿಗಳಲ್ಲಿ ಅಂಟಿಸಬೇಕೆಂದಿದ್ದೇನೆ.

ಹಳೆಯ ಫೈರ್‌ಮನ್, ತುಮಕೂರು

112ಕ್ಕೆ ಕರೆ ಮಾಡಿ, ಅರಣ್ಯ ಸಹಾಯವಾಣಿ 1926ಕ್ಕೂ ತಿಳಿಸಿ. ಬೆಟ್ಟದ ಹೆಸರು, ಯಾವ ಊರಿನ ಕಡೆಯಿಂದ ಹತ್ತಿದಿರಿ, ಬೆಂಕಿ ನಿಮ್ಮ ಕೆಳಗಿದೆಯೋ ಪಕ್ಕದಲ್ಲಿದೆಯೋ, ಹೊಗೆ ಯಾವ ಕಡೆಗೆ ವಾಲುತ್ತಿದೆ, ನೀವು ನಿಂತಿರುವುದು ಬಂಡೆಯ ಮೇಲೋ ಹುಲ್ಲಿನಲ್ಲೋ, ಒಟ್ಟು ಎಷ್ಟು ಜನ, ನಡೆಯಲಾಗದವರು ಯಾರಾದರೂ ಇದ್ದಾರೆಯೇ, ಇಷ್ಟನ್ನು ಹೇಳಿ. ಗುಂಪಿನಲ್ಲಿ ಒಬ್ಬರೇ ಮಾತಾಡಿ, ಉಳಿದವರು ಬ್ಯಾಟರಿ ಉಳಿಸಿಕೊಳ್ಳಿ. ವಿಡಿಯೊ ಆಮೇಲೆ ಮಾಡಿಕೊಳ್ಳಬಹುದು.

ಇದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಿರಿ: ಬೇರೆ ದಾರಿಯಿಂದ ಇಳಿದು ಬಂದವರು ನೇರವಾಗಿ ಕಾರು ಹತ್ತಿ ಹೊರಟುಹೋಗಬಾರದು. ಬುಡದಲ್ಲಿರುವ ಸಿಬ್ಬಂದಿಗೆ ‘ನಾವು ಇಷ್ಟು ಜನ ಇಳಿದೆವು’ ಎಂದು ಹೆಸರು ಬರೆಸಿ ಹೋಗಬೇಕು. ಹೇಳದೆ ಹೋದವರು ಇನ್ನೂ ಮೇಲೆಯೇ ಇದ್ದಾರೆಂದು ಎಣಿಸಿ, ಅವರು ದೇವನಹಳ್ಳಿಯ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿರುವ ಹೊತ್ತಿಗೆ, ವಾಚರ್‌ಗಳು ಮತ್ತೊಮ್ಮೆ ಹೊಗೆಯೊಳಗೆ ಹತ್ತಿ ಹೋಗುತ್ತಾರೆ.